ತಿಮಿಂಗಿಲದ ಸೊಂಟದ ಮೂಳೆ

ತಿಪಟೂರಿನ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರ ಹೇಳಿಕೊಡಲು ಸೇರಿದಾಗ ನನಗೆ ಇಪ್ಪತ್ತೈದು ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತುರುವೇಕೆರೆ ಕಡೆಯ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಓದುವುದಕ್ಕೆ ಯಾರೂ ಅಡ್ಡಿ ಮಾಡುತ್ತಿರಲಿಲ್ಲ, ಕೆಲಸಕ್ಕೆ ಹೋಗುವುದಕ್ಕೆ ಮಾಡುತ್ತಿದ್ದರು. ನನ್ನದು ತಾತ್ಕಾಲಿಕ ಹುದ್ದೆ. ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರು ಒಂದು ಕಾಗದಕ್ಕೆ ಸಹಿ ಹಾಕಿದರೆ ಇನ್ನೊಂದು ವರ್ಷ ಇರಬಹುದು. ಸಹಿ ಬೀಳದಿದ್ದರೆ ಮರುಮಾತಿಲ್ಲದೆ ಮನೆಗೆ ಬಂದು ಅವರು ನೋಡಿದ ಗಂಡನ್ನು ಒಪ್ಪಬೇಕೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಮುಂದೆ ನಾನು ಮಾಡಿದ್ದಕ್ಕೆ ಇದೊಂದು ಕಾರಣ. ನೆಪ ಎಂದು ಬೇಕಾದರೂ ಕರೆಯಬಹುದು, ನಾನು ಜಗಳ ಮಾಡುವುದಿಲ್ಲ.

ನಮ್ಮ ವಿಭಾಗದಲ್ಲಿ ಒಬ್ಬರು ಅಟೆಂಡರ್ ಇದ್ದರು. ಶೆಟ್ಟಿಕೆರೆ ಹತ್ತಿರದ ಹಳ್ಳಿಯವರು, ನಲವತ್ತು ದಾಟಿದವರು. ಬೆಳಗ್ಗೆ ತಮ್ಮ ತೋಟದ ಕೆಲಸ ಮುಗಿಸಿ, ಹತ್ತಿಪ್ಪತ್ತು ತೆಂಗಿನಕಾಯಿ ಸುಲಿದಿಟ್ಟು, ಮೊದಲ ಬಸ್ಸು ಹತ್ತಿ ಬರುತ್ತಿದ್ದರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮೋರೆ ಎನ್ನುತ್ತಿದ್ದರು. ಅವರ ಕೈಗಳು ದಪ್ಪ, ಅಂಗೈ ಕಾಯಿಮಟ್ಟೆಯ ಹಾಗೆ ಒರಟು. ಆ ಕೈಗಳು ಮಾಡುತ್ತಿದ್ದ ಕೆಲಸ ಮಾತ್ರ ಅಕ್ಕಸಾಲಿಯದು. ಕಪ್ಪೆ, ಮೊಲ, ಓತಿಕ್ಯಾತ, ಏನು ಸತ್ತು ಬಂದರೂ ಅದನ್ನು ಇರುವೆಗೂಡಿನ ಪಕ್ಕ ಹೂತು, ತೆಗೆದು, ಬೂದಿನೀರಿನಲ್ಲಿ ಹದವಾಗಿ ಕಾಯಿಸಿ, ಬೆಳ್ಳಗೆ ಮಾಡಿ ತಂತಿಯಲ್ಲಿ ಪೋಣಿಸಿಡುತ್ತಿದ್ದರು. ಒಂದು ಬಾವಲಿಯ ರೆಕ್ಕೆಯಲ್ಲಿ ಬೆರಳುಮೂಳೆಗಳನ್ನು ಒಂದೂ ಮುರಿಯದೆ ಜೋಡಿಸಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಯಾವ ಮೂಳೆ ಯಾವುದರ ಪಕ್ಕ ಕೂರಬೇಕು ಎಂಬುದರಲ್ಲಿ ಅವರು ತಪ್ಪಿದ್ದನ್ನು ನಾನು ನೋಡಿಲ್ಲ.

ಪ್ರಯೋಗಾಲಯದ ಗೋಡೆಯ ಮೇಲೆ ತಿಮಿಂಗಿಲದ ಅಸ್ಥಿಪಂಜರದ ಹಳೆಯ ಚಾರ್ಟ್ ಒಂದಿತ್ತು. ಕೊಠಡಿ ಗುಡಿಸಿದ ಮೇಲೆ ಅವರು ಅದರ ಮುಂದೆ ನಿಂತು ನೋಡುತ್ತಿದ್ದರು. ಇದು ಮೀನಲ್ಲವೇ ಎಂದು ಒಮ್ಮೆ ಕೇಳಿದರು. ಅಲ್ಲ, ನಮ್ಮ ಹಾಗೆ ಶ್ವಾಸಕೋಶದಲ್ಲಿ ಉಸಿರಾಡುತ್ತದೆ, ಮರಿ ಹಾಕಿ ಹಾಲು ಕೊಡುತ್ತದೆ ಎಂದೆ. ಅವರು ಎರಡು ದಿನ ಯೋಚಿಸಿ ಬಂದು, ಹಾಲು ನೀರಿನಲ್ಲಿ ಕದಡಿಹೋಗುವುದಿಲ್ಲವೇ ಎಂದರು. ನನಗೆ ಗೊತ್ತಿರಲಿಲ್ಲ. ಪುಸ್ತಕ ಹುಡುಕಿ, ಅದರ ಹಾಲು ಬೆಣ್ಣೆಯ ಹಾಗೆ ಮಂದ, ತಾಯಿಯೇ ಅದನ್ನು ಮರಿಯ ಬಾಯಿಗೆ ಚಿಮ್ಮಿಸುತ್ತದೆ ಎಂದು ಹೇಳಿದಾಗ ಅವರ ಮುಖದಲ್ಲಿ ಒಂದು ದೊಡ್ಡ ಚಿಂತೆ ಪರಿಹಾರವಾದ ಹಾಗೆ ಕಂಡಿತು.

ಆ ಚಾರ್ಟಿನಲ್ಲಿ ಬಾಲದ ಕಡೆ, ಬೆನ್ನುಮೂಳೆಯಿಂದ ಕೆಳಗೆ, ಯಾವುದಕ್ಕೂ ಅಂಟಿಕೊಳ್ಳದೆ ಒಂದು ಚಿಕ್ಕ ಮೂಳೆಯ ಚಿತ್ರವಿತ್ತು. ಅದು ತಿಮಿಂಗಿಲದ ಸೊಂಟದ ಮೂಳೆ. ಕೋಟ್ಯಂತರ ವರ್ಷಗಳ ಹಿಂದೆ ತಿಮಿಂಗಿಲದ ಪೂರ್ವಜ ಪ್ರಾಣಿಗಳು ನಾಲ್ಕು ಕಾಲಿನಲ್ಲಿ ನೆಲದ ಮೇಲೆ ಓಡಾಡುತ್ತಿದ್ದವು. ನೀರಿಗಿಳಿದ ಮೇಲೆ ಮುಂಗಾಲು ದೋಣಿಯ ಹುಟ್ಟಿನಂಥ ಈಜುರೆಕ್ಕೆಯಾಯಿತು, ಅದರೊಳಗೆ ಈಗಲೂ ತೋಳು, ಮುಂಗೈ, ಬೆರಳಿನ ಮೂಳೆಗಳಿವೆ. ಹಿಂಗಾಲು ಕರಗಿಹೋಯಿತು. ಉಳಿದದ್ದು ಮಾಂಸದ ನಡುವೆ ಹುದುಗಿರುವ ಈ ಒಂದು ಜೊತೆ ಮೂಳೆ. ಜೀವವಿಕಾಸದ ಪಾಠದಲ್ಲಿ ನಾನು ಇದನ್ನು ಬಹಳ ಹುರುಪಿನಿಂದ ಹೇಳುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ, ಮೇಡಂ, ಇದನ್ನು ನೀವು ನೋಡಿದ್ದೀರಾ ಎಂದು ಕೇಳಿದ. ಕುಚೋದ್ಯಕ್ಕಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ. ಇಲ್ಲ ಎಂದೆ. ಆ ‘ಇಲ್ಲ’ ನನ್ನನ್ನು ಬಹಳ ದಿನ ಕಾಡಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕಾಲೇಜಿನಿಂದ ಕರಾವಳಿಗೆ ಅಧ್ಯಯನ ಪ್ರವಾಸ ಹೊರಟೆವು. ವಿಭಾಗದ ಮುಖ್ಯಸ್ಥರಿಗೆ ಬಸ್ ಪ್ರಯಾಣ ಒಗ್ಗುತ್ತಿರಲಿಲ್ಲ, ಆದ್ದರಿಂದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹದಿನಾರು ವಿದ್ಯಾರ್ಥಿಗಳು, ನಾನು, ಅಟೆಂಡರ್ ಅಣ್ಣ. ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದು, ಹೊನ್ನಾವರದ ಆಚೆ ಒಂದು ಮೀನುಗಾರರ ಊರಿನ ಶಾಲೆಯಲ್ಲಿ ಇಳಿದುಕೊಂಡೆವು. ಅಣ್ಣ ಸಮುದ್ರ ನೋಡಿದ್ದು ಅದೇ ಮೊದಲು. ಮೊಣಕಾಲುದ್ದ ನೀರಿಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ತಾಗಿಸಿ ನೋಡಿದರು.

ಮರುದಿನ ಬೆಳಗ್ಗೆ ಊರಿನ ಬಂಡೆಗುಡ್ಡದ ಮೇಲೆ ಏಡಿ, ಕಪ್ಪೆಚಿಪ್ಪುಗಳನ್ನು ಹುಡುಕುತ್ತಿದ್ದಾಗ ದೂರದಲ್ಲಿ ಹೊಗೆಯ ಹಾಗೆ ಏನೋ ಮೇಲೆದ್ದು ಗಾಳಿಗೆ ಬಾಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ತಿಮಿಂಗಿಲ! ಪುಸ್ತಕದಲ್ಲಿ ಓದಿದ್ದನ್ನು ನಾನು ಗಟ್ಟಿಯಾಗಿ ಹೇಳತೊಡಗಿದೆ. ಅದು ನೀರಿನ ಕಾರಂಜಿಯಲ್ಲ, ಉಸಿರು. ಎದೆಯ ಬಿಸಿಗಾಳಿ ಒಮ್ಮೆಲೇ ಹೊರಬಿದ್ದಾಗ ಅದರ ತೇವ ಮಂಜಾಗಿ ಕಾಣುತ್ತದೆ. ಒಂದೇ ಉಸಿರಿಗೆ ಎದೆಯಲ್ಲಿರುವ ಗಾಳಿಯನ್ನು ಬಹುಪಾಲು ಬದಲಾಯಿಸಿಕೊಂಡು ಮತ್ತೆ ಮುಳುಗುತ್ತದೆ. ಕಪ್ಪು ಬೆನ್ನು ನಿಧಾನವಾಗಿ ಉರುಳಿ, ಹಿಂದಕ್ಕೆ ಬಾಗಿದ ಸಣ್ಣ ರೆಕ್ಕೆಯೊಂದು ಕಂಡು ಮರೆಯಾಯಿತು. ಮಕ್ಕಳು ಕೂಗಾಡಿದರು. ನನಗೂ ಕಣ್ಣು ತುಂಬಿತ್ತು.

ಬಂಡೆಯ ಮೇಲೆ ಬಲೆ ಸರಿಮಾಡುತ್ತಾ ಕುಳಿತಿದ್ದ ಮುದುಕರೊಬ್ಬರಿಗೆ ಮಾತ್ರ ಸಂತೋಷವಾದಂತೆ ಕಾಣಲಿಲ್ಲ. ಆ ಊರಿನವರು ಅದನ್ನು ದೇವಮಾಸ ಎನ್ನುತ್ತಿದ್ದರು. ಮುದುಕರು ಕೈ ಅಡ್ಡ ಹಿಡಿದು ನೋಡಿ, ‘ಇದು ಹೊರಗಿನ ಸಮುದ್ರದಲ್ಲಿ ಇರೂದು. ಇಷ್ಟು ಹತ್ರ ಬರೂದಿಲ್ಲ. ಸಾಯೂಕೆ ಬಂದದೆ’ ಎಂದರು.

ಅವರು ಹೇಳಿದ ಹಾಗೇ ಆಯಿತು. ಮಧ್ಯಾಹ್ನ ಇಳಿತದ ಹೊತ್ತಿಗೆ ಅದು ಮರಳಿನ ದಿಣ್ಣೆಯ ಮೇಲೆ ಬಂದು ಸಿಕ್ಕಿಕೊಂಡಿತು. ಸಂಜೆಯ ಹೊತ್ತಿಗೆ ಮುಕ್ಕಾಲು ಮೈ ನೀರಿನ ಹೊರಗಿತ್ತು. ನಲವತ್ತು ಅಡಿಯ ಹತ್ತಿರ ಇದ್ದಿರಬೇಕು. ತಲೆಯ ಮೇಲೆ ಉದ್ದಕ್ಕೆ ಮೂರು ಏಣು, ಗಂಟಲಿನಿಂದ ಹೊಕ್ಕುಳವರೆಗೆ ಉತ್ತ ಹೊಲದ ಹಾಗೆ ಸಾಲು ಸಾಲು ಗೆರೆ. ಬಾಯಿಯ ಅಂಚು ಸ್ವಲ್ಪ ತೆರೆದಿತ್ತು. ಒಳಗೆ ಹಲ್ಲಿರಲಿಲ್ಲ, ಮೇಲಿನ ದವಡೆಯಿಂದ ಕರಿಯ ಫಲಕಗಳು ಒತ್ತಾಗಿ ಇಳಿಬಿದ್ದಿದ್ದವು, ಅವುಗಳ ಒಳ ಅಂಚು ನಾರುನಾರಾಗಿತ್ತು. ನೀರನ್ನು ಬಾಯಿತುಂಬ ತುಂಬಿಕೊಂಡು, ಈ ನಾರಿನ ಜರಡಿಯಿಂದ ಸೋಸಿ, ಉಳಿದ ಸಣ್ಣ ಮೀನನ್ನು ಅದು ನುಂಗುತ್ತದೆ. ಅಣ್ಣ ಬೆರಳಿನಿಂದ ನಾರನ್ನು ಮುಟ್ಟಿ ನೋಡಿ, ‘ನಮ್ಮ ಕಾಯಿ ನಾರೇ ಕಣ್ರೀ ಮೇಡಮ್ಮೋರೆ’ ಎಂದರು.

ನೀರಿನಲ್ಲಿರುವಾಗ ತಿಮಿಂಗಿಲಕ್ಕೆ ತನ್ನ ಭಾರ ಗೊತ್ತಾಗುವುದಿಲ್ಲ. ದಡಕ್ಕೆ ಬಂದರೆ ಆ ಭಾರವೇ ಅದರ ಎದೆಯನ್ನು ಒತ್ತುತ್ತದೆ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಕೊಬ್ಬಿನ ಹೊದಿಕೆ ಬಿಸಿಲಿನಲ್ಲಿ ಅದನ್ನು ಒಳಗೇ ಬೇಯಿಸುತ್ತದೆ. ಇದನ್ನೆಲ್ಲಾ ಬಲ್ಲವಳು ನಾನೊಬ್ಬಳೇ, ಮಾಡಬಹುದಾದದ್ದು ಏನೂ ಇರಲಿಲ್ಲ. ಊರಿನವರು ಬಾಲಕ್ಕೆ ಹಗ್ಗ ಕಟ್ಟಿ ಎರಡು ದೋಣಿಗಳಿಂದ ಎಳೆದರು, ಹಗ್ಗ ಕಿತ್ತಿತು. ಬೆಳಗಿನ ಉಬ್ಬರಕ್ಕೆ ಅದು ತಾನೇ ತೇಲಬಹುದೆಂದು ಕಾದೆವು. ಉಬ್ಬರ ಬಂತು, ಅದು ಅಲುಗಲಿಲ್ಲ. ವಿದ್ಯಾರ್ಥಿಗಳು ಸಾಲಾಗಿ ನಿಂತು ಕೊಡಗಳಲ್ಲಿ ನೀರು ಹೊಯ್ದರು. ಹೊಯ್ದ ನೀರು ಬೆನ್ನಿನ ಮೇಲೆ ಅರೆಗಳಿಗೆಯಲ್ಲಿ ಒಣಗುತ್ತಿತ್ತು. ಊರಿನ ಹೆಂಗಸರು ಬಂದು ಕುಂಕುಮ ಹಚ್ಚಿ ಊದುಬತ್ತಿ ಸಿಕ್ಕಿಸಿದರು. ಅದು ಉಸಿರು ಬಿಟ್ಟಾಗಲೆಲ್ಲ ಕೊಳೆತ ಮೀನಿನ ನಾತದ ಬಿಸಿಗಾಳಿ ಎಲ್ಲರ ಮುಖಕ್ಕೆ ಬಡಿಯುತ್ತಿತ್ತು. ಎರಡು ಉಸಿರುಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಅಣ್ಣ ಅದರ ಕಣ್ಣಿನ ಪಕ್ಕದಲ್ಲಿ ಅಂಗೈ ಊರಿ ನಿಂತಿದ್ದರು. ಆ ಮೈಗೆ ಕಣ್ಣು ತೀರಾ ಚಿಕ್ಕದು, ಎಮ್ಮೆಯ ಕಣ್ಣಿಗಿಂತ ಸ್ವಲ್ಪ ದೊಡ್ಡದು. ಅದು ತಿರುಗಿ ತಿರುಗಿ ನೋಡುತ್ತಿತ್ತು. ನಡುಹಗಲಲ್ಲಿ ಇನ್ನೊಂದು ಉಸಿರಿಗೆ ಕಾದೆವು. ಅದು ಬರಲಿಲ್ಲ. ಹೆಣ್ಣುಮಕ್ಕಳಲ್ಲಿ ಇಬ್ಬರು ಅತ್ತರು. ಅಣ್ಣ ಅಂಗೈ ತೆಗೆದು, ‘ಮೈ ಸುಡ್ತೈತೆ ಇನ್ನೂ’ ಎಂದರು.

ನಾನು ಅಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಬೇರೆ ಯೋಚನೆ ಬಂದಿತ್ತು.

ಮರುದಿನ ಹೊಟ್ಟೆ ಊದಿಕೊಂಡಿತು. ಹೂಳುವ ಮೊದಲು ಊರಿನವರು ದೋಣಿಗಳ ಮರಕ್ಕೆ ಬಳಿಯುವ ಎಣ್ಣೆಗಾಗಿ ಅದರ ಕೊಬ್ಬನ್ನು ಕೊಯ್ದುಕೊಳ್ಳುತ್ತಿದ್ದರು. ಬಾಲದ ಕಡೆಯ ಪಕ್ಕೆ ಅರ್ಧ ತೆರೆದಿತ್ತು. ಸೊಂಟದ ಮೂಳೆ ಇರಬೇಕಾದ ಜಾಗ ಅಲ್ಲಿಂದ ಕೈಯಳತೆಯಲ್ಲಿತ್ತು. ಅಣ್ಣನಿಗೆ ಚಾರ್ಟಿನ ನೆನಪು ಕೊಟ್ಟು, ಆ ಮೂಳೆ ಸಿಗುತ್ತದೆಯೇ ನೋಡೋಣವೇ ಎಂದೆ. ಅವರು ಹೆಣದ ಸುತ್ತ ಒಮ್ಮೆ ನಡೆದುಬಂದು, ಬಹಳ ಕೊಳೆತಿದೆ, ಊರಿನವರು ಒಳಕ್ಕೆ ಕೈಹಾಕುತ್ತಿಲ್ಲ, ಹೊರಗಿನದಷ್ಟೇ ಕೊಯ್ಯುತ್ತಿದ್ದಾರೆ ಎಂದರು. ಬಲೆಯ ಮುದುಕರೂ ದೂರದಿಂದಲೇ ಬೇಡವೆಂದು ಕೈಯಾಡಿಸಿದರು.

‘ಇಂಥದ್ದು ನಮ್ಮ ಜನ್ಮದಲ್ಲಿ ಇನ್ನೊಂದು ಸಲ ಸಿಗಲ್ಲ ಅಣ್ಣ’ ಎಂದೆ. ‘ನಿಮ್ಮ ಕೈಯಲ್ಲಿ ಆಗದಿದ್ದರೆ ಇನ್ಯಾರ ಕೈಯಲ್ಲೂ ಆಗಲ್ಲ.’

ಅಷ್ಟೇ ನಾನು ಹೇಳಿದ್ದು. ಅಪ್ಪಣೆ ಕೊಟ್ಟಿರಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆ ಮಾತಿನ ನಂತರ ಅವರು ಇಲ್ಲ ಎನ್ನಲಾರರು ಎಂಬುದು ಹೇಳುವಾಗಲೇ ನನಗೆ ಗೊತ್ತಿತ್ತು.

ಅವರು ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಊರಿನವರ ಹತ್ತಿರ ಉದ್ದದ ಚೂರಿ ಇಸಿದುಕೊಂಡು ಕೆಲಸಕ್ಕಿಳಿದರು. ಮಧ್ಯಾಹ್ನವೆಲ್ಲಾ ಹಿಡಿಯಿತು. ಭುಜದವರೆಗೆ ತೋಳನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕುತ್ತಿದ್ದರು. ನಾನು ಮೂಗಿಗೆ ಸೆರಗು ಹಿಡಿದು, ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಹಿಂದಕ್ಕೆ ಎಂದು ಹೇಳುತ್ತಿದ್ದೆ. ಕೊನೆಗೆ ಸಿಕ್ಕಿತು ಎಂದರು. ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಬಾಗಿದ ಮೂಳೆ. ಅದನ್ನು ಸ್ನಾಯುವಿನಿಂದ ಬಿಡಿಸುವಾಗ ಚೂರಿ ಜಾರಿ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ದೊಡ್ಡ ಗಾಯವಲ್ಲ, ಒಂದಂಗುಲ. ಅವರು ಮೊದಲು ಮೂಳೆಯನ್ನು ನನಗೆ ಕೊಟ್ಟು ಆಮೇಲೆ ಗಾಯ ತೋರಿಸಿದರು.

‘ಸಮುದ್ರದ ನೀರಲ್ಲಿ ತೊಳೆದುಕೊಳ್ಳಿ ಅಣ್ಣ, ಉಪ್ಪುನೀರು ಒಳ್ಳೆಯದು’ ಎಂದೆ.

ಬಿಸಿ ಕಡಲಿನ ನೀರಿನಲ್ಲಿ, ಕೊಳೆತ ಹೆಣದ ಪಕ್ಕದ ಅಲೆಯಲ್ಲಿ ಎಂತೆಂಥ ಸೂಕ್ಷ್ಮಜೀವಿಗಳು ಇರುತ್ತವೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅಜ್ಜಿಯಿಂದ ಕೇಳಿದ ಉಪ್ಪಿನ ಮಾತು. ಅವರು ಅಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಚೆನ್ನಾಗಿ ತೊಳೆದುಕೊಂಡರು. ನಾನು ನನ್ನ ಕರವಸ್ತ್ರ ಕಟ್ಟಿದೆ.

ಬೆಳಗ್ಗೆ ಹೊರಡುವಾಗ ಕೈ ಮಣಿಕಟ್ಟಿನವರೆಗೆ ಊದಿಕೊಂಡು ಕೆಂಪಾಗಿತ್ತು. ಹೊನ್ನಾವರದಲ್ಲಿ ಆಸ್ಪತ್ರೆಯಿತ್ತು. ಬಸ್ಸು ಅದರ ಹತ್ತಿರವೇ ಹಾದುಹೋಯಿತು. ನಿಲ್ಲಿಸಿದರೆ ಅರ್ಧ ದಿನ ಹೋಗುತ್ತದೆ, ಸಂಜೆಯೊಳಗೆ ಮಕ್ಕಳನ್ನು ತಿಪಟೂರಿನಲ್ಲಿ ಇಳಿಸುತ್ತೇನೆಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ ಎಂದು ಲೆಕ್ಕ ಹಾಕಿದೆ. ತಲೆನೋವಿನ ಮಾತ್ರೆ ಎರಡು ಕೊಟ್ಟೆ. ಸಾಗರದ ಹತ್ತಿರ ಅವರು ನಡುಗಲು ಶುರುಮಾಡಿದರು. ಶಿವಮೊಗ್ಗದಲ್ಲಿ ಊಟಕ್ಕೆ ನಿಂತಾಗ ಇಳಿಯಲಿಲ್ಲ. ಇಲ್ಲೇ ಡಾಕ್ಟರಿಗೆ ತೋರಿಸೋಣ ಎಂದು ನಾನು ಹೇಳಿದ್ದು ನಿಜ, ಅವರು ಬೇಡವೆಂದದ್ದೂ ನಿಜ. ಆ ‘ಬೇಡ’ ಕೇಳಿ ನನಗೆ ಒಳಗೊಳಗೇ ನಿರಾಳವಾಯಿತು, ಅದೂ ನಿಜ. ಅರಸೀಕೆರೆಗೆ ಬರುವಷ್ಟರಲ್ಲಿ ತೋಳಿನ ಮೇಲೆ ಕಪ್ಪು ಗುಳ್ಳೆಗಳೆದ್ದಿದ್ದವು. ಬಸ್ಸಿನ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಮೂಳೆಯ ನಾತ ಕಿಟಕಿಯಿಂದ ಒಳಗೆ ಬರುತ್ತಿತ್ತು, ಹುಡುಗರು ಗೊಣಗುತ್ತಿದ್ದರು.

ಕತ್ತಲಾಗುವ ಮೊದಲೇ ತಿಪಟೂರು ತಲುಪಿದೆವು. ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ನೋಡಿದವರೇ, ಇದು ಇಲ್ಲಿ ಆಗುವುದಲ್ಲ, ಬೆಂಗಳೂರಿಗೆ ಕರೆದೊಯ್ಯಿರಿ, ಕೈ ಉಳಿಯುವುದು ಅನುಮಾನ, ಪ್ರಾಣ ಉಳಿಸಿಕೊಳ್ಳಿ ಎಂದರು. ಶೆಟ್ಟಿಕೆರೆಗೆ ಆಳು ಕಳುಹಿಸಿ ಅವರ ಭಾವಮೈದನನ್ನು ಕರೆಸಿದೆವು. ಬೆಳಗ್ಗೆ ರೈಲು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅಣ್ಣ ಕಂಬಳಿ ಹೊದ್ದು ಮಲಗಿದ್ದರು. ನಾನು ಬಾಗಿದಾಗ ಕಣ್ಣು ತೆರೆದು, ‘ಮೂಳೆ ನೆಳ್ಳಲ್ಲಿ ಒಣಗ್ಸಿ ಮೇಡಮ್ಮೋರೆ. ಬಿಸ್ಲಿಗಿಟ್ರೆ ಬಿರೀತದೆ’ ಎಂದರು.

ಬೆಂಗಳೂರಿನಲ್ಲಿ ಮೊಣಕೈಗಿಂತ ಸ್ವಲ್ಪ ಕೆಳಗೆ ಬಲಗೈ ತೆಗೆದರು. ಹದಿನೈದು ದಿನ ಪ್ರಾಣ ಅತ್ತಿತ್ತ ತೂಗಾಡಿ ಉಳಿಯಿತು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ವಿಭಾಗದ ಮುಖ್ಯಸ್ಥರೂ ಅಲ್ಲಿದ್ದರು. ಮೇಜಿನ ಮೇಲೆ ಬಿಳಿಯ ಹಾಳೆ, ಪೆನ್ನು.

‘ಹೆಣಕ್ಕೆ ಕೈ ಹಾಕು ಅಂತ ನೀವು ಹೇಳಿದ್ರಾ, ಅವನೇ ಹೋದ್ನಾ?’ ಎಂದು ಪ್ರಿನ್ಸಿಪಾಲರು ಕೇಳಿದರು.

‘ಅವರಿಗೆ ಕೆಲಸದಲ್ಲಿ ಬಹಳ ಆಸಕ್ತಿ ಸಾರ್’ ಎಂದೆ.

ಅವರು ತಲೆಯಾಡಿಸಿ, ಸ್ವಂತ ಆಸಕ್ತಿಯಿಂದ ಎಂದು ಬರೆದುಕೊಂಡರು. ಅದನ್ನು ತಲೆಕೆಳಗಾಗಿ ಓದಿದೆ. ತಿದ್ದಲು ಬೇಕಾದಷ್ಟು ಸಮಯವಿತ್ತು. ಜವಾನ ಕಾಫಿ ತಂದಿಟ್ಟು ಹೋದ. ಆ ಕಾಫಿಯನ್ನೂ ಕುಡಿದೆ.

ಒಂದೂವರೆ ತಿಂಗಳ ಮೇಲೆ ಅಣ್ಣನಿಂದಲೂ ಹೇಳಿಕೆ ತೆಗೆದುಕೊಂಡರು. ಯಾರೂ ಹೇಳಲಿಲ್ಲ, ನಾನೇ ಆಸೆಬಿದ್ದು ಕೈಹಾಕಿದೆ ಎಂದು ಅವರು ಹೇಳಿಬಿಟ್ಟಿದ್ದರು. ಪ್ರಿನ್ಸಿಪಾಲರಿಗೆ ನಾನು ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ, ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಅವರ ರುಜು ಮುದ್ದಾಗಿರುತ್ತಿತ್ತು, ಹಾಜರಿ ಪುಸ್ತಕದಲ್ಲಿ ನಾನು ದಿನವೂ ನೋಡುತ್ತಿದ್ದೆ. ಆ ಹೇಳಿಕೆಯ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದ್ದರು. ಗಾಜಿನ ಸಾಮಾನಿನ ನಡುವೆ ಒಂದೇ ಕೈಯವರು ಕೆಲಸ ಮಾಡಲಾಗದು ಎಂದು ಕಾಲೇಜಿನವರು ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು.

ಮೂಳೆಯನ್ನು ನಾನೇ ಸ್ವಚ್ಛ ಮಾಡಿದೆ. ಬೂದಿನೀರಿನಲ್ಲಿ ಎಷ್ಟು ಕಾಯಿಸಿದರೂ ಅದರಿಂದ ಎಣ್ಣೆ ಒಸರುವುದು ನಿಲ್ಲಲಿಲ್ಲ. ತಿಮಿಂಗಿಲದ ಮೂಳೆ ಹಾಗೇ, ಅದರ ಒಳಗೆಲ್ಲ ಎಣ್ಣೆ. ಆಳದ ಸಮುದ್ರದಲ್ಲಿ ಸತ್ತು ತಳ ಸೇರಿದ ತಿಮಿಂಗಿಲದ ಮೂಳೆಯನ್ನು ಆಶ್ರಯಿಸಿ ವರ್ಷಾನುಗಟ್ಟಲೆ ಜೀವಿಗಳು ಬದುಕುತ್ತವೆಂದು ಬಹಳ ಕಾಲದ ಮೇಲೆ ಓದಿದೆ. ನಮ್ಮ ಕಪಾಟಿನಲ್ಲಿ ಅದು ಕೆಳಗಿನ ಕಾಗದವನ್ನು ಹಳದಿ ಮಾಡುತ್ತಾ ಕುಳಿತಿತ್ತು. ಕಾಗದವನ್ನು ನಾನು ಮತ್ತೆ ಮತ್ತೆ ಬದಲಾಯಿಸುತ್ತಿದ್ದೆ.

ಬೇಸಿಗೆಯಲ್ಲಿ ಒಂದು ಭಾನುವಾರ ಅವರ ಊರಿಗೆ ಹೋದೆ. ಅಣ್ಣ ಮನೆಯಲ್ಲಿರಲಿಲ್ಲ, ತೋಟಕ್ಕೆ ನೀರು ಬಿಡಲು ಹೋಗಿದ್ದರು. ಅವರ ಹೆಂಡತಿ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ ತಿರುವುವುದು ಗಂಡಸರ ಕೆಲಸ. ನಮ್ಮ ಕಡೆ ಹೆಂಗಸರು ಅದನ್ನು ಮಾಡಿದ್ದನ್ನು ನಾನು ನೋಡಿರಲಿಲ್ಲ. ಅವರು ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಮತ್ತೆ ಹೋಗಿ ಮೊನೆಯ ಮುಂದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗದೆ ಕೇಳಿದರು.

‘ಉಪ್ಪುನೀರಲ್ಲಿ ತೊಳ್ಕೊ ಅಂದಿದ್ದು ನೀವೇನಾ ಮೇಡಮ್ಮೋರೆ?’

‘ಹೌದಕ್ಕ’ ಎಂದೆ. ‘ಕೈ ಹಾಕಿ ಅಂದಿದ್ದೂ ನಾನೇ.’

‘ಅದು ಗೊತ್ತು ಬುಡಿ. ನೀರಿಂದು ಗೊತ್ತಿರ್ಲಿಲ್ಲ. ಅವರು ಜ್ವರದಾಗೆ ಬಡಬಡಿಸ್ತಿದ್ರು, ಅದ್ಕೆ ಕೇಳ್ದೆ.’

ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಲು ಸುಲಭವಾಗುತ್ತಿತ್ತು. ಅಣ್ಣ ಬರುವವರೆಗೆ ಕಾಯಲು ನನ್ನಿಂದಾಗಲಿಲ್ಲ.

ಮುಂದಿನ ವರ್ಷ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೊರಗಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದರು. ಕಪಾಟು ನೋಡುತ್ತಾ ಹೋದವರು ಆ ಮೂಳೆಯ ಮುಂದೆ ನಿಂತರು. ಹೊರಗೆ ತೆಗೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲೂ ಇದು ಇರುವುದಿಲ್ಲ, ಹೆಣ ಕೊಯ್ಯುವವರು ಇದನ್ನು ಗಮನಿಸದೆ ಎಸೆದುಬಿಡುತ್ತಾರೆ, ಇಷ್ಟು ಒಳನಾಡಿನ ಕಾಲೇಜಿಗೆ ಇದನ್ನು ತಂದವರು ಯಾರು ಎಂದರು. ಪ್ರಿನ್ಸಿಪಾಲರು ಹೆಮ್ಮೆಯಿಂದ ನನ್ನನ್ನು ತೋರಿಸಿದರು. ಆ ಹಿರಿಯರು ನನಗೆ ಕೈಮುಗಿದರು.

ಆಗ ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ತೆಗೆದದ್ದು ಅಟೆಂಡರ್, ಹೇಳಿದ್ದು ನಾನು, ಆ ದಿನ ಇದೇ ಪ್ರಿನ್ಸಿಪಾಲರ ಮುಂದೆ ಬಾಯಿಮುಚ್ಚಿಕೊಂಡಿದ್ದೂ ನಾನು. ಕೊಠಡಿಯಲ್ಲಿ ಪರೀಕ್ಷೆಗೆ ಬಂದ ವಿದ್ಯಾರ್ಥಿಗಳು, ಹೊಸ ಅಟೆಂಡರ್, ಗುಮಾಸ್ತರು ಎಲ್ಲರೂ ಇದ್ದರು. ಪ್ರಾಧ್ಯಾಪಕರು ಮೂಳೆಯನ್ನು ಮೆಲ್ಲಗೆ ಒಳಗಿಟ್ಟು ಕಪಾಟಿನ ಬಾಗಿಲು ಹಾಕಿದರು. ಪ್ರಿನ್ಸಿಪಾಲರು, ‘ಆಗಿಹೋಗಿದ್ದು ಬಿಡಿ ಮೇಡಂ, ಪರೀಕ್ಷೆ ನಡೀಲಿ’ ಎಂದರು.

ಜೂನ್‌ನಲ್ಲಿ ನನ್ನ ಕಾಗದಕ್ಕೆ ಎಂದಿನಂತೆ ಸಹಿ ಬಿತ್ತು. ಯಾರೂ ಏನೂ ಕೇಳಲಿಲ್ಲ. ಅಂದು ಕಾಫಿ ಕುಡಿಯುತ್ತಾ ನಾನು ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದು ಇರಲೇ ಇಲ್ಲ. ಸತ್ಯ ಹೇಳಿದ್ದಿದ್ದರೆ ಆಗಲೂ ಏನೂ ಆಗುತ್ತಿರಲಿಲ್ಲ, ಕಾಲೇಜಿನ ಕೆಲಸದಲ್ಲಿ ಕೈ ಹೋಯಿತೆಂದು ಅವರನ್ನು ಬೇರೆ ಜಾಗದಲ್ಲಾದರೂ ಇಟ್ಟುಕೊಳ್ಳುತ್ತಿದ್ದರೇನೋ.

ಜುಲೈ ಮಳೆಯ ಒಂದು ಮಧ್ಯಾಹ್ನ ಅಣ್ಣ ಕಾಲೇಜಿಗೆ ಬಂದರು. ಮೊಟಕು ಕೈಯ ಮೇಲೆ ಅಂಗಿಯ ತೋಳನ್ನು ಮಡಿಸಿ ಪಿನ್ನು ಹಾಕಿಕೊಂಡಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಜಗುಲಿಯ ಅಂಚಿನಲ್ಲೇ ನಿಂತರು. ಕೊನೆಗೂ ಹೇಳಿದಿರಲ್ಲ ಎಂದು ಸಮಾಧಾನಪಟ್ಟು ಬಂದಿದ್ದಾರೆ ಎಂದುಕೊಂಡೆ. ಅವರು ಬಂದದ್ದು ಬೇರೆಯದಕ್ಕೆ. ನಾನು ಪರೀಕ್ಷೆಯ ದಿನ ಹೇಳಿದ್ದು ಬಸ್ಸು ಹತ್ತಿ ಊರೂರು ಸುತ್ತಿ ಅವರ ಹಳ್ಳಿಗೂ ತಲುಪಿತ್ತು. ಕೈ ಕಳೆದುಕೊಂಡೂ ಪ್ರಾಯದ ಹೆಣ್ಣಿಗಾಗಿ ಸುಳ್ಳು ಬರೆದುಕೊಟ್ಟನಂತೆ, ಯಾಕಿರಬಹುದು ಎಂದು ಜಗುಲಿಕಟ್ಟೆಗಳಲ್ಲಿ ಮಾತು ಹುಟ್ಟಿತ್ತು. ಅವರ ಹೆಂಡತಿ ನೀರು ಸೇದುವ ಬಾವಿಯ ಹತ್ತಿರ ಒಬ್ಬಳು ಆಕೆಯನ್ನೇ ಕೇಳಿಯೂ ಬಿಟ್ಟಿದ್ದಳಂತೆ. ಇದನ್ನೆಲ್ಲಾ ಅವರು ನೆಲ ನೋಡುತ್ತಾ ಹೇಳಿದರು.

‘ಕೈ ಹೋಯ್ತು, ಹೋಗ್ಲಿ ಅಂದ್ಕಂಡಿದ್ದೆ. ನನ್ನ ಮಾತು ಒಂದು ನಿಂತಿತ್ತು ಆ ಕಾಗದ್ದಾಗೆ. ಅದ್ನೂ ಸುಳ್ಳು ಅಂದ್ಬುಟ್ರಿ. ನನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ ಮೇಡಮ್ಮೋರೆ?’

ನಿಮಗೆ ನ್ಯಾಯವಾಗಲಿ ಎಂದು ಹೇಳಿದೆ ಎಂದೆ.

‘ನಿಮ್ಮ ಎದೆ ಹಗುರಾಗ್ಲಿ ಅಂತ ಹೇಳಿದ್ರಿ’ ಎಂದರು. ಧ್ವನಿ ಏರಿಸಲಿಲ್ಲ. ಛತ್ರಿಯನ್ನು ಕಂಕುಳಲ್ಲಿ ಇರುಕಿ, ಎಡಗೈಯಲ್ಲಿ ಅದನ್ನು ಬಿಡಿಸಲು ಹೆಣಗಿದರು. ನಾನು ಸಹಾಯಕ್ಕೆ ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಬಿಡಿಸದ ಛತ್ರಿ ಹಿಡಿದುಕೊಂಡೇ ಮಳೆಗೆ ಇಳಿದರು.

ನಾನು ಇನ್ನೆರಡು ವರ್ಷ ಅಲ್ಲಿದ್ದು, ಚಿಕ್ಕನಾಯಕನಹಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿ ಹೋದೆ. ಜೀವವಿಕಾಸದ ಪಾಠ ಅಲ್ಲೂ ಬರುತ್ತಿತ್ತು. ಪುಸ್ತಕದಲ್ಲಿದ್ದಷ್ಟನ್ನು ಓದಿ ಮುಂದಕ್ಕೆ ಹೋಗುತ್ತಿದ್ದೆ. ಅಣ್ಣ ಯಾರದೋ ಕೊಬ್ಬರಿ ಅಟ್ಟಗಳಿಗೆ ಕಾವಲಿದ್ದಾರೆ, ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾರೆ ಎಂದು ಆ ಕಡೆಯಿಂದ ಬಂದವರು ಹೇಳುತ್ತಿದ್ದರು. ಮದುವೆಗೆ ಅಪ್ಪ ಆಮೇಲೆ ಒತ್ತಾಯಿಸಲಿಲ್ಲ. ನಾನೂ ಆ ವಿಷಯ ಎತ್ತಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ಬೋರನಕಣಿವೆಯ ಜಲಾಶಯ ನೋಡಲು ಹೋಗಿ ಹುಳಿಯಾರಿನ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಬಸ್ಸು ತುಂಬಿತ್ತು. ಮೂವರು ಕೂರುವ ಸೀಟಿನಲ್ಲಿ ಅಣ್ಣ ಕಿಟಕಿಯ ಪಕ್ಕ, ಅವರ ಹೆಂಡತಿ ನಡುವೆ ಕುಳಿತಿದ್ದರು. ಮೂರನೆಯ ಜಾಗದಲ್ಲಿ ಅವರ ಚೀಲವಿತ್ತು. ಅಣ್ಣ ನನ್ನನ್ನು ನೋಡಿದರು. ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ನನಗೆ ಜಾಗ ಬಿಟ್ಟರು. ಕುಳಿತೆ. ಆಕೆ ನನ್ನ ತಾಯಿಯ ಆರೋಗ್ಯ ಕೇಳಿದರು, ಈ ಸಲದ ಮಳೆಯ ಮಾತಾಡಿದರು, ದೊಡ್ಡ ಮಗಳಿಗೆ ಹೆಣ್ಣು ಕೂಸಾದದ್ದನ್ನು ಹೇಳಿದರು. ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು. ಚಿಕ್ಕನಾಯಕನಹಳ್ಳಿ ಬರುವವರೆಗೂ ಹಾಗೇ ನೋಡುತ್ತಿದ್ದರು. ನಾನು ಇಳಿಯಲು ಎದ್ದಾಗ ಆಕೆ ಮಾತ್ರ, ‘ಹೋಗ್ಬನ್ನಿ ಮೇಡಮ್ಮೋರೆ’ ಎಂದರು. ಕಂಡಕ್ಟರ್ ಸೀಟಿ ಊದಿದ. ಅವರ ಬಸ್ಸು ಶೆಟ್ಟಿಕೆರೆಯ ಕಡೆಗೆ ಹೊರಟಿತು.